ಕನ್ನಡ ಶಾಲೆ ಉಳಿಯಬೇಕಾದರೆ ಗ್ರಾಮಸಭೆಗೆ ಜನ ಬರಬೇಕು

ಕಾಸರಗೋಡಿನ ಕನ್ನಡ ಶಾಲೆಗಳು ಸೊರಗುತ್ತಿವೆಯಂತಲ್ಲ, ಕರ್ನಾಟಕ ಸರ್ಕಾರ ಏನಾದರೂ ಮಾಡಬಾರದಾ ಅಂತ ಬೆಂಗಳೂರು, ಮೈಸೂರು ಕಡೆಯವರು ಕೇಳುತ್ತಿರುತ್ತೀರಿ. ಕಾಳಜಿಯಿಂದಲೇ ಕೇಳುತ್ತೀರಿ, ಗೊತ್ತು. ಆದರೆ ಇಲ್ಲಿ ಒಂದು ಸರ್ಕಾರಿ ಶಾಲೆ ಉಳಿಯುವುದೋ ಬೀಳುವುದೋ ಹೇಗೆ ತೀರ್ಮಾನ ಆಗುತ್ತದೆ ಅಂತ ನೋಡಿದರೆ, ಕೆಲಸ ಜಾಸ್ತಿ ಇರುವುದು ನಮ್ಮ ಊರಿನ ಓಟುದಾರರಿಗೇ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಹಿನ್ನೆಲೆ ನಿಮಗೆ ಸ್ವಲ್ಪ ಗೊತ್ತಿರಬಹುದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ, ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಗೆ ಬರಲಿಲ್ಲ. ಆ ನೋವು ನಮ್ಮ ಹಿರಿಯರಿಗೆ ಇನ್ನೂ ಇದೆ. ಅದಕ್ಕೆ ನನ್ನ ಗೌರವವೂ ಇದೆ. ಆದರೆ ಈ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಾದ ಮಗು ಗಡಿ ವಿವಾದ ತೀರುವ ತನಕ ಕಾಯುವ ಹಾಗಿಲ್ಲ ಅಲ್ವಾ.

ಜೂನ್ ಅಂದೆ. ಇಲ್ಲಿ ಶಾಲೆ ಶುರುವಾದ ಮೇಲೆ ಬರುವ ಆರನೇ ವರ್ಕಿಂಗ್ ಡೇ ಬಹಳ ದೊಡ್ಡ ದಿನ. ಅವತ್ತು ಮಕ್ಕಳ ತಲೆ ಎಣಿಕೆ. ಆ ಲೆಕ್ಕದ ಮೇಲೆ ಎಷ್ಟು ಡಿವಿಷನ್, ಎಷ್ಟು ಟೀಚರ್ ಪೋಸ್ಟ್ ಅಂತ ನಿಗದಿಯಾಗುತ್ತದೆ. ಎಲ್‌ಪಿಯಲ್ಲಿ, ಅಂದರೆ ಒಂದರಿಂದ ನಾಲ್ಕನೇ ಕ್ಲಾಸಿನ ತನಕ, 30 ಮಕ್ಕಳಿಗೆ ಒಬ್ಬ ಟೀಚರ್ ಎನ್ನುವುದು ಲೆಕ್ಕ. ಕ್ಲಾಸಿಗೆ ಸರಾಸರಿ 15 ಮಕ್ಕಳೂ ಇಲ್ಲದಿದ್ದರೆ ಶಾಲೆ ‘ಅನ್‌ಎಕನಾಮಿಕ್’, ಅಂದರೆ ಖರ್ಚಿಗೆ ತಕ್ಕಷ್ಟು ಮಕ್ಕಳಿಲ್ಲದ ಶಾಲೆಗಳ ಪಟ್ಟಿಗೆ ಸೇರುತ್ತದೆ. ಒಂದು ಪೋಸ್ಟ್ ಹೋದರೆ ತಾಯಂದಿರಿಗೆ ತಕ್ಷಣ ಗೊತ್ತಾಗುತ್ತದೆ. ಅಲ್ಲಿ ಟೀಚರೇ ಇಲ್ಲವಂತೆ ಅಂತ ಸುದ್ದಿ ಹಬ್ಬುತ್ತದೆ, ಮುಂದಿನ ವರ್ಷ ಇನ್ನೂ ನಾಲ್ಕು ಮಕ್ಕಳು ಇಂಗ್ಲಿಷ್ ಮೀಡಿಯಂ ವ್ಯಾನ್ ಹತ್ತುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಮನೆ ಬಾಗಿಲಿಗೆ ವ್ಯಾನ್ ಬರುತ್ತದೆ, ಎಲ್‌ಕೆಜಿ ಇದೆ. ನಮ್ಮ ಕನ್ನಡ ಶಾಲೆಯಲ್ಲಿ ಪ್ರಿ ಪ್ರೈಮರಿ ಇಲ್ಲದಿದ್ದರೆ ಮೂರೂವರೆ ವರ್ಷಕ್ಕೆ ಹೋದ ಮಗು ಆರನೇ ವರ್ಷಕ್ಕೆ ವಾಪಸ್ ಬರುವುದು ಅಪರೂಪ.

ಹಾಗಾದರೆ ಪ್ರಿ ಪ್ರೈಮರಿ, ವ್ಯಾನ್, ಸೋರದ ಮಾಡು, ಬಾಗಿಲಿರುವ ಶೌಚಾಲಯ ಇದೆಲ್ಲ ಎಲ್ಲಿಂದ ಬರಬೇಕು? ತೊಂಬತ್ತರ ದಶಕದ ಅಧಿಕಾರ ವಿಕೇಂದ್ರೀಕರಣದ ನಂತರ ಕೇರಳದಲ್ಲಿ ಊರಿನ ಸರ್ಕಾರಿ ಪ್ರೈಮರಿ ಶಾಲೆಯ ಕಟ್ಟಡ, ರಿಪೇರಿ ಗ್ರಾಮ ಪಂಚಾಯತಿನ ಕೈಯಲ್ಲಿದೆ, ಹೈಸ್ಕೂಲು ಜಿಲ್ಲಾ ಪಂಚಾಯತಿನ ಕೈಯಲ್ಲಿ. ಪಂಚಾಯತಿಗೆ ಯೋಜನೆಯ ಹಣ ಬರುತ್ತದೆ, ಅದನ್ನು ಯಾವುದಕ್ಕೆ ಹಾಕಬೇಕು ಅಂತ ಮೊದಲು ಮಾತಾಗುವುದು ವಾರ್ಡಿನ ಗ್ರಾಮಸಭೆಯಲ್ಲಿ. ಮೂರು ತಿಂಗಳಿಗೊಮ್ಮೆ ಸೇರಬೇಕು, ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ, ಆಗಬೇಕಾದರೆ ವಾರ್ಡಿನ ಓಟುದಾರರಲ್ಲಿ ನೂರಕ್ಕೆ ಹತ್ತು ಜನ ಬರಬೇಕು. ವಾರ್ಡಿನಲ್ಲಿ 1,200 ಓಟು ಇದ್ದರೆ 120 ಜನ. ಬರುವವರು ಹೆಚ್ಚಾಗಿ ಮನೆ, ಆಡು, ಕೋಳಿ, ಪಿಂಚಣಿ ಅರ್ಜಿ ಇರುವವರು. ಅದು ತಪ್ಪಲ್ಲ, ಅವರ ಹಕ್ಕು. ಆದರೆ ಶಾಲೆಯ ಪರವಾಗಿ ಇಪ್ಪತ್ತು ತಾಯಂದಿರು ಒಟ್ಟಿಗೆ ಬಂದು ಕೂತು, ನಮ್ಮ ಮಾತು ಮಿನಿಟ್ಸ್ ಪುಸ್ತಕದಲ್ಲಿ ಬರೆಯಿರಿ ಅಂತ ಕೇಳಿದರೆ, ವಾರ್ಡ್ ಮೆಂಬರ್ ಅದನ್ನು ಸುಮ್ನೆ ದಾಟಿಸಿಕೊಂಡು ಹೋಗುವುದು ಕಷ್ಟ. ಶಾಲೆಯ ಪೋಷಕ-ಶಿಕ್ಷಕ ಸಂಘದ (ಪಿಟಿಎ) ಸಭೆಯಲ್ಲಿ ಹೆಡ್ ಮಾಷ್ಟ್ರ ಮುಂದೆ ಹೇಳುವ ಮಾತಿಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಮಾಷ್ಟ್ರು ಕೆಳಗಿಂದ ಮೇಲಕ್ಕೆ ಪತ್ರ ಬರೆಯಬಹುದು ಅಷ್ಟೆ. ಮೆಂಬರ್ ಮುಂದಿನ ಸಲ ಓಟು ಕೇಳಲು ನಮ್ಮ ಮನೆಗೇ ಬರಬೇಕು.

ಹೊರಗಿನವರು ಗಮನಿಸದ ವಿಷಯ ಇನ್ನೊಂದು ಇದೆ. ನಮ್ಮ ಕಡೆ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳ ಮನೆಮಾತು ತುಳು ಇರಬಹುದು, ಬ್ಯಾರಿ, ಕೊಂಕಣಿ, ಮರಾಟಿ, ಹವ್ಯಕ ಇರಬಹುದು, ಮಲಯಾಳವೂ ಇರಬಹುದು. ಎಷ್ಟೋ ಶಾಲೆಗಳಲ್ಲಿ ಒಂದೇ ಕಟ್ಟಡದಲ್ಲಿ ಕನ್ನಡ ಮೀಡಿಯಂ, ಮಲಯಾಳ ಮೀಡಿಯಂ ಎರಡೂ ಇವೆ. ಮಳೆಗೆ ಸೋರುವಾಗ ಎರಡೂ ಕಡೆ ಸೋರುತ್ತದೆ. ಹಾಗಾಗಿ ಮಲಯಾಳದ ಪೋಷಕರನ್ನು ದೂರ ಇಟ್ಟು ಕನ್ನಡ ಶಾಲೆ ಉಳಿಸುತ್ತೇವೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರೂ ಸೇರಿದರೆ ಗ್ರಾಮಸಭೆಯ ಕೋರಂ ಸುಲಭವಾಗಿ ಆಗುತ್ತದೆ, ನಮ್ಮ ಬೇಡಿಕೆಗೂ ಅವರು ಕೈ ಎತ್ತುತ್ತಾರೆ. ಕೋಝಿಕ್ಕೋಡಿನ ಮಲಾಪರಂಬದಲ್ಲಿ 2014ರಲ್ಲಿ ಮ್ಯಾನೇಜರ್ ಕೆಡವಿಸಿದ ಏಡೆಡ್ (ಖಾಸಗಿ ಆಡಳಿತದ, ಸರ್ಕಾರಿ ಅನುದಾನದ) ಶಾಲೆಯನ್ನು ಊರವರೇ ಮತ್ತೆ ಕಟ್ಟಿದರು. 2016ರಲ್ಲಿ ಕೋರ್ಟ್ ಆದೇಶದಿಂದ ಬಾಗಿಲು ಹಾಕಿದಾಗಲೂ ಅವರು ಬಿಡಲಿಲ್ಲ. ಕೊನೆಗೆ ಸರ್ಕಾರವೇ ಆ ಶಾಲೆಯನ್ನು ವಹಿಸಿಕೊಂಡಿತು. ಅಲ್ಲಿ ಯಾವ ಭಾಷೆಯ ಜಗಳವೂ ಇರಲಿಲ್ಲ, ಊರು ಒಟ್ಟಾಗಿತ್ತು ಅಷ್ಟೆ. ಅವರಿಂದ ನಾವು ಕಲಿಯಬಹುದು.

ಭಾಷೆಯ ತೊಂದರೆ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕನ್ನಡ ಮೀಡಿಯಂ ಪೋಸ್ಟಿಗೆ ಕನ್ನಡ ಸರಿಯಾಗಿ ಬಾರದ ಟೀಚರ್ ಬಂದು, ಪೋಷಕರು ಶಾಲೆಯ ಗೇಟಿನಲ್ಲಿ ಕೂತದ್ದು ನಮ್ಮ ಜಿಲ್ಲೆಯಲ್ಲಿ ಒಮ್ಮೆ ಅಲ್ಲ, ಹಲವು ಸಲ ಆಗಿದೆ. ಗಣಿತ ಅರ್ಥವಾಗದೆ ಮಗು ಅಳುತ್ತಾ ಮನೆಗೆ ಬಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಕೊಡಬೇಕು ಅಂತ ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಆದರೆ ಈ ನೇಮಕಾತಿ ಪಂಚಾಯತಿನಲ್ಲಿ ತೀರ್ಮಾನ ಆಗುವುದಲ್ಲ, ತಿರುವನಂತಪುರದಲ್ಲಿ ಆಗುವುದು. ಅಲ್ಲಿಗೆ ಬೇಕಾಗುವುದು ಎಂಎಲ್‌ಎ. ನಮ್ಮ ಜಿಲ್ಲೆಯ ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆಯಲ್ಲಿ ಗೆಲುವಿನ ಅಂತರ ಎಷ್ಟು ಗೊತ್ತಾ? ಬರೀ 89 ಓಟು. 2021ರಲ್ಲಿ 745. ಒಂದು ದೊಡ್ಡ ಶಾಲೆಯ ಪೋಷಕರು ಒಟ್ಟಾದರೆ ಅದಕ್ಕಿಂತ ಜಾಸ್ತಿ ಓಟು ಆಗುತ್ತದೆ. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು, ನಮಗೆಲ್ಲ ಖುಷಿಯಾಯಿತು. ಇಲ್ಲಿ ಓಟು ಕೇಳಲು ಬರುವ ಎಲ್ಲಾ ಪಕ್ಷದವರೂ ಕನ್ನಡ ನೋಟೀಸು ಕೊಡುತ್ತಾರೆ, ಅಂಗಳದಲ್ಲಿ ತುಳುವಿನಲ್ಲಿ ಮಾತಾಡುತ್ತಾರೆ. ಅದೇ ಅಂಗಳದಲ್ಲಿ ನಾವು ಕೇಳಬೇಕು: ಕನ್ನಡ ಪೋಸ್ಟಿಗೆ ಕನ್ನಡ ಬರುವವರನ್ನೇ ಹಾಕಿಸುತ್ತೀರಾ, ಕನ್ನಡ ಪಾಠಪುಸ್ತಕ ಸಮಯಕ್ಕೆ ಬರುತ್ತದಾ, ಪ್ರಿ ಪ್ರೈಮರಿಗೆ ಹಣ ಇಡಿಸುತ್ತೀರಾ? ಉತ್ತರವನ್ನು ನಾಲ್ಕು ಜನರ ಎದುರು ಹೇಳಿಸಬೇಕು. ಯಾವ ಪಕ್ಷಕ್ಕೆ ಓಟು ಹಾಕಬೇಕು ಅಂತ ಶಾಲೆಯವರು ಯಾರಿಗೂ ಹೇಳಬಾರದು. ಹೇಳಿದ ದಿನ ಅರ್ಧ ಊರು ದೂರ ಹೋಗುತ್ತದೆ.

ಇನ್ನು ನೀವು ಏನು ಮಾಡಬಹುದು ಅಂತ ಕೇಳಿದರೆ, ಪುಸ್ತಕ, ಬ್ಯಾಗು ಕಳಿಸುವವರಿಗೆ ಕೃತಜ್ಞತೆ ಇದೆ, ಅದು ಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಮಂಗಳೂರಿನಲ್ಲಿ ಕೆಲಸ ಮಾಡಿ ಸಂಜೆಯೋ ವಾರಕ್ಕೊಮ್ಮೆಯೋ ಊರಿಗೆ ಬರುವ ನಮ್ಮವರು ತುಂಬಾ ಜನ ಇದ್ದಾರೆ. ಓಟು ಇಲ್ಲಿದೆ, ಗ್ರಾಮಸಭೆಗೆ ಮಾತ್ರ ಬರುವುದಿಲ್ಲ. ನಿಮ್ಮ ಪರಿಚಯದವರು ಅಂಥವರು ಇದ್ದರೆ ಅವರ ವಾರ್ಡಿನ ಮುಂದಿನ ಗ್ರಾಮಸಭೆ ಯಾವಾಗ ಅಂತ ಕೇಳಿ, ಆ ದಿನ ರಜೆ ಹಾಕಿ ಹೋಗಲು ಹೇಳಿ. ಅವರ ಮಕ್ಕಳು ಆ ಶಾಲೆಯಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಅವರ ಹೆಸರು ಮತದಾರರ ಪಟ್ಟಿಯಲ್ಲಿ ಇದ್ದರೆ ಸಾಕು.