ಪ್ರತಿಕ್ರಿಯೆ: ಎಂ.ಎ. ಅಂಕಗಳಿದ್ದರೂ ಪತ್ರಿಕೆಯ ಬರವಣಿಗೆ ಪರೀಕ್ಷೆಯಲ್ಲಿ ಹಿಂದೆ ಬೀಳುವುದೇಕೆ?

ಪತ್ರಿಕೋದ್ಯಮದ ಎಂ.ಎ.ಯಲ್ಲಿ ಉತ್ತಮ ಅಂಕಗಳಿದ್ದೂ ಕನ್ನಡ ದೈನಿಕಗಳ ಬರವಣಿಗೆ ಪರೀಕ್ಷೆಯಲ್ಲಿ ನೀವು ಆಯ್ಕೆಯಾಗದಿರುವುದಕ್ಕೆ ಬಹುಮಟ್ಟಿಗೆ ಕಾರಣ, ಐದು ವರ್ಷ ರೂಢಿಸಿಕೊಂಡ ಉತ್ತರ ಬರೆಯುವ ಕ್ರಮ. ಪೀಠಿಕೆ, ವಿವರಣೆ, ಉಪಸಂಹಾರ ಎಂಬ ಆ ಕ್ರಮದಲ್ಲಿ ತಿರುಳು ಕೊನೆಗೆ ಬರುತ್ತದೆ; ಸುದ್ದಿಯಲ್ಲಿ ಅದು ಮೊದಲ ವಾಕ್ಯದಲ್ಲೇ ಇರಬೇಕು. ನಿಮ್ಮ ಉತ್ತರಪತ್ರಿಕೆ ನೋಡದೆ ಖಚಿತವಾಗಿ ಹೇಳಲಾರೆನಾದರೂ, ತರಬೇತಿಗೆ ಬರುವ ಪದವೀಧರರ ಬರಹಗಳನ್ನು ತಿದ್ದುವಾಗ ನಾನು ಹೆಚ್ಚಾಗಿ ಕಾಣುವ ದೋಷ ಇದೇ. ‘ನಗರಸಭೆಯ ಸಾಮಾನ್ಯ ಸಭೆಯು ಶುಕ್ರವಾರ ಅಧ್ಯಕ್ಷರ ನೇತೃತ್ವದಲ್ಲಿ ಜರುಗಿತು’ ಎಂದು ಆರಂಭಿಸುತ್ತಾರೆ. ಓದುಗನಿಗೆ ಬೇಕಾದದ್ದು ‘ಕುಡಿಯುವ ನೀರಿನ ದರ ಹೆಚ್ಚಿಸಲು ನಗರಸಭೆ ಶುಕ್ರವಾರ ತೀರ್ಮಾನಿಸಿತು’ ಎಂಬುದು.

ಮೊದಲು, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಪತ್ರಿಕಾ ಪ್ರಕಟಣೆಯೊಂದನ್ನು ದಿನವೂ ಆರಿಸಿಕೊಂಡು, ಗಡಿಯಾರವಿಟ್ಟು ಅರ್ಧ ಗಂಟೆಯಲ್ಲಿ ಇನ್ನೂರು ಪದಗಳ ಸುದ್ದಿಯಾಗಿಸಿ, ಮರುದಿನ ಅದೇ ವಿಷಯ ಎರಡು ಪತ್ರಿಕೆಗಳಲ್ಲಿ ಹೇಗೆ ಆರಂಭವಾಗಿದೆ ಎಂದು ಹೋಲಿಸಿ ನೋಡಿ. ಕೈಬರಹ ಬೇಡ, ಯುನಿಕೋಡ್‌ನಲ್ಲೇ ಟೈಪ್ ಮಾಡಿ.

ಇದು ಹಿಡಿತಕ್ಕೆ ಬಂದ ಮೇಲೆ ನಿಮ್ಮೂರಿನ ಗ್ರಾಮಸಭೆಗೆ ಹೋಗಿ. ಅಲ್ಲಿ ಕೇಳಿಬಂದ ಒಂದು ದೂರಿನ ದಾಖಲೆಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದರೆ, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ದಾಖಲೆ ಆಧರಿಸಿದ ಇಂತಹ ಒಂದು ವರದಿಗೆ, ತರಗತಿಯ ಹತ್ತು ಪ್ರಬಂಧಗಳಿಗಿಂತ ಹೆಚ್ಚು ತೂಕವಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಅದನ್ನು ಜಿಲ್ಲಾ ಪತ್ರಿಕೆಗೆ ಕಳುಹಿಸಿ. ಪ್ರಕಟವಾದರೆ ಮುಂದಿನ ಅರ್ಜಿಯಲ್ಲಿ ಅಂಕಪಟ್ಟಿಯ ಮೇಲೆಯೇ ಆ ತುಣುಕನ್ನು ಲಗತ್ತಿಸಿ.