ಇರುವ ಡಿಎಚ್‌ಸಿಪಿ ಮುಟ್ಟದೆ ನೆಟ್‌ವರ್ಕ್ ಬೂಟ್ ಮಾಡಿಸೋದು ಹೇಗೆ?

ರೂಟರ್ ಸೆಟ್ಟಿಂಗ್ ಕೈಲಿಲ್ಲ, ಆದರೂ ಲ್ಯಾಬಿನ ಕಂಪ್ಯೂಟರ್‌ಗಳು ನೆಟ್‌ವರ್ಕ್‌ನಿಂದ ಬೂಟ್ ಆಗಬೇಕು ಅಂತ ಕೇಳಿದ್ದೀರಿ. ಆಗುತ್ತೆ. ಯಂತ್ರಗಳಿಗೆ ಐಪಿ ವಿಳಾಸ ಹಂಚೋ ಡಿಎಚ್‌ಸಿಪಿ ಕೆಲಸವನ್ನ ರೂಟರ್ ಮಾಡ್ತಿದೆ; ಇನ್ನೊಂದು ಪೂರ್ತಿ ಡಿಎಚ್‌ಸಿಪಿ ಸರ್ವರ್ ಮಾತ್ರ ಇಡಬೇಡಿ, ಎರಡೂ ಐಪಿ ಹಂಚೋಕೆ ಹೋಗಿ ಗೊಂದಲವಾಗುತ್ತೆ. ನಿಮಗೆ ಬೇಕಿರೋದು ಪ್ರಾಕ್ಸಿ ಡಿಎಚ್‌ಸಿಪಿ.

ತುಮಕೂರಿನ ಶಿರಾ ಗೇಟ್ ಹತ್ತಿರದ ಲ್ಯಾಬೊಂದರಲ್ಲಿ ಹಳೇ ಪಿಸಿಗೆ ಡಿಎನ್‌ಎಸ್‌ಮಾಸ್ಕ್ (dnsmasq) ಅನ್ನೋ ಸಾಫ್ಟ್‌ವೇರ್ ಹಾಕಿ ಹೀಗೇ ಮಾಡಿದೆ. ಅದರ ಕಾನ್ಫಿಗ್ ಫೈಲಿನ ಡಿಎಚ್‌ಸಿಪಿ ರೇಂಜ್ (dhcp-range) ಸಾಲಿನಲ್ಲಿ ನಿಮ್ಮ ನೆಟ್‌ವರ್ಕ್ ವಿಳಾಸ, ಉದಾಹರಣೆಗೆ 192.168.1.0, ಬರೆದು, ಕಾಮಾ ಹಾಕಿ, ಇಂಗ್ಲಿಷಿನಲ್ಲಿ 'ಪ್ರಾಕ್ಸಿ' (proxy) ಅಂತ ಸೇರಿಸಿ. ಐಪಿಯನ್ನು ರೂಟರೇ ಕೊಡುತ್ತೆ. ಪ್ರಾಕ್ಸಿ ಬೂಟ್ ಸರ್ವರ್ ಮತ್ತು ಫೈಲ್ ಹೆಸರನ್ನಷ್ಟೇ ಹೇಳುತ್ತೆ, ಅದೂ ಡಿಎಚ್‌ಸಿಪಿ ಸಂದೇಶದ 60ನೇ ಆಪ್ಷನ್‌ನಲ್ಲಿ ತಾನು ಪಿಎಕ್ಸ್‌ಇ ಕ್ಲೈಂಟ್ (ನೆಟ್‌ವರ್ಕ್‌ನಿಂದ ಬೂಟ್ ಆಗೋ ಯಂತ್ರ) ಅಂತ ಹೇಳಿಕೊಂಡ ಯಂತ್ರಕ್ಕೆ. ಹಾಗಾಗಿ ಡಿಎನ್‌ಎಸ್, ಗೇಟ್‌ವೇ ಬದಲಿಸೋಕೆ ಈ ದಾರಿ ಆಗಲ್ಲ.

ಫೈರ್‌ವಾಲ್‌ನಲ್ಲಿ ಯುಡಿಪಿ ಪೋರ್ಟ್ 67, 69, 4011 ತೆರೆದಿಡಿ. 4011 ಮರೆತು ನಾನು ಅರ್ಧ ದಿನ ಒದ್ದಾಡಿದ್ದೆ.