ಅಂಟು ತಾಗಿದೆಯೋ, ಹಿಡಿದಿದೆಯೋ?

ಪ್ರಶ್ನೆ: ವಿಮಾನದ ಕಾರ್ಬನ್ ಫೈಬರ್ ಭಾಗಗಳನ್ನು ಅಂಟಿನಿಂದ ಜೋಡಿಸಿದರೆ ತೂತು ಕೊರೆಯಬೇಕಿಲ್ಲ, ತೂಕವೂ ಉಳಿಯುತ್ತದೆ ಎಂದು ನಮಗೆ ಪಾಠದಲ್ಲಿ ಹೇಳುತ್ತಾರೆ. ಜೋಡಣೆಯನ್ನು ಒಡೆಯದೆ ಒಳಗನ್ನು ನೋಡಲು ಅಲ್ಟ್ರಾಸಾನಿಕ್ (ಕಿವಿಗೆ ಕೇಳಿಸದ ಶಬ್ದತರಂಗದ) ಪರೀಕ್ಷೆಯೂ ಇದೆ. ಆದರೂ ಮುಖ್ಯ ಜೋಡಣೆಗಳಲ್ಲಿ ಅಂಟಿನ ಜೊತೆಗೆ ಬೋಲ್ಟ್ ಹಾಕುವುದೇಕೆ?
— ವಿಮಾನ ನಿರ್ವಹಣೆಯ ವಿದ್ಯಾರ್ಥಿ, ಚಿಂಚವಾಡ, ಪುಣೆ

ಉತ್ತರ: ಒಳಗು ಕಾಣಿಸಿದರೆ ಗಟ್ಟಿತನವೂ ತಿಳಿಯುತ್ತದೆ ಎಂಬ ಊಹೆ ನಿಮ್ಮ ಪ್ರಶ್ನೆಯಲ್ಲೇ ಅಡಗಿದೆ, ತೊಡಕು ಇರುವುದೂ ಅಲ್ಲಿಯೇ. ಅಲ್ಟ್ರಾಸಾನಿಕ್ ತರಂಗವು ಗಾಳಿಯ ತೆರಪು ಎದುರಾದೊಡನೆ ಬಹುಪಾಲು ಹಿಂದಿರುಗುತ್ತದೆ. ಆದ್ದರಿಂದ ಅಂಟು ಬಿಟ್ಟ ಜಾಗ, ಗುಳ್ಳೆ, ಪದರಗಳ ನಡುವಿನ ಬಿರುಕು ಇವೆಲ್ಲ ಸಿ-ಸ್ಕ್ಯಾನ್ ಚಿತ್ರದಲ್ಲಿ (ತರಂಗದಿಂದ ಮೂಡುವ, ಮೇಲಿನಿಂದ ಕಂಡಂಥ ನಕ್ಷೆಯಲ್ಲಿ) ಸ್ಪಷ್ಟವಾಗಿ ಮೂಡುತ್ತವೆ. ಆದರೆ ಎರಡು ಮೇಲ್ಮೈಗಳು ಒತ್ತಿಕೊಂಡು ಕುಳಿತಿದ್ದು, ನಡುವೆ ಗಾಳಿಯಿಲ್ಲದೆ, ಅಂಟು ಮಾತ್ರ ಹಿಡಿದಿಲ್ಲದಿದ್ದರೆ ತರಂಗವು ಯಾವ ತಕರಾರೂ ಇಲ್ಲದೆ ದಾಟಿಹೋಗುತ್ತದೆ. ಇದಕ್ಕೆ ‘ಕಿಸ್ಸಿಂಗ್ ಬಾಂಡ್’ ಎನ್ನುತ್ತಾರೆ. ಅಚ್ಚಿನಿಂದ ಭಾಗವನ್ನು ಬಿಡಿಸಲು ಸವರಿದ ಸಿಲಿಕೋನ್‌ನ ಅಂಶ ಮೇಲ್ಮೈಯಲ್ಲಿ ಉಳಿದುಕೊಂಡರೆ, ಅಥವಾ ಕಾಂಪೋಸಿಟ್ (ನಾರು ಮತ್ತು ರಾಳ ಸೇರಿದ ಕಾರ್ಬನ್ ಫೈಬರ್ ವಸ್ತು) ಹೀರಿಕೊಂಡ ತೇವವನ್ನು ಒಣಗಿಸದೆ ಅಂಟಿಸಿದರೆ, ಚಿತ್ರದಲ್ಲಿ ದೋಷವೇ ಕಾಣದ ದುರ್ಬಲ ಜೋಡಣೆ ಸಿದ್ಧವಾಗಿಬಿಡಬಹುದು.

ಸ್ಕ್ಯಾನ್ ಯಂತ್ರವನ್ನು ಹೊಂದಿಸಲು ಬಳಸುವ ಮಾದರಿ ಫಲಕವನ್ನು ಲ್ಯಾಬಿನಲ್ಲಿ ಗಮನಿಸಿ ನೋಡಿ. ಅದರ ಪದರಗಳ ನಡುವೆ ಟೆಫ್ಲಾನ್ ಹಾಳೆಯ ಸಣ್ಣ ತುಂಡುಗಳನ್ನು ಬೇಕೆಂದೇ ಹುದುಗಿಸಿರುತ್ತಾರೆ. ಆ ತುಂಡುಗಳನ್ನು ಯಂತ್ರ ಹುಡುಕಿದರೆ ಪರೀಕ್ಷೆ ಸರಿಯಿದೆ ಎಂದು ಲೆಕ್ಕ. ಆದರೆ ಟೆಫ್ಲಾನ್ ಅನುಕರಿಸುವುದು ಅಂಟು ಬಿಟ್ಟ ಜಾಗವನ್ನು; ಅರೆಬರೆ ಹಿಡಿದ ಅಂಟನ್ನು ಅಳೆಯಲು ಆ ಫಲಕದಲ್ಲಿ ಏನೂ ಇಲ್ಲ. ಈ ವ್ಯತ್ಯಾಸವನ್ನು ಬಹಳಷ್ಟು ಪಾಠಗಳು ಹಾರಿಸಿಬಿಡುತ್ತವೆ ಎಂಬುದು ನನ್ನ ದೂರು.

ಕಿತ್ತುಹೋದರೆ ವಿಮಾನವೇ ಕೈತಪ್ಪುವಂಥ ಅಂಟು ಜೋಡಣೆಗಳಿಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯ 2009ರ ಸುತ್ತೋಲೆ, ಎಸಿ 20-107ಬಿ, ಮೂರು ದಾರಿಗಳನ್ನು ಹೇಳುತ್ತದೆ. ಅಂಟು ಬಿಡುವುದು ಒಂದು ಮಿತಿಯನ್ನು ದಾಟದಂತೆ ವಿನ್ಯಾಸದಲ್ಲೇ ತಡೆ ಇರಬೇಕು. ಇಲ್ಲವೇ ಪ್ರತಿಯೊಂದು ಭಾಗಕ್ಕೂ ನಿಗದಿತ ಭಾರ ಹೊರಿಸಿ ಪರೀಕ್ಷಿಸಬೇಕು. ಇಲ್ಲವೇ ಜೋಡಣೆಯ ಬಲವನ್ನು ಖಾತರಿಪಡಿಸುವ, ಪ್ರತಿಬಾರಿಯೂ ನೆಚ್ಚಬಹುದಾದ ನಾಶರಹಿತ ಪರೀಕ್ಷೆ ಇರಬೇಕು. ಮೂರನೆಯದು ಸಾಮಾನ್ಯ ಅಲ್ಟ್ರಾಸಾನಿಕ್‌ನ ಕೈಗೆ ಎಟುಕದು, ಎರಡನೆಯದು ದುಬಾರಿ. ಹೀಗಾಗಿ ಮೊದಲನೆಯ ದಾರಿಯಾಗಿ ಬೋಲ್ಟ್ ಬರುತ್ತದೆ.

ಲೇಸರ್ ವಿಧಾನವೊಂದು ಇದೆ. ಮೇಲ್ಮೈಗೆ ಹೊಡೆದ ಲೇಸರ್ ಸ್ಪಂದನವು ಒತ್ತಡದ ಅಲೆಯಾಗಿ ಒಳಹೊಕ್ಕು, ಹಿಂಬದಿಯಿಂದ ಎಳೆತದ ಅಲೆಯಾಗಿ ಮರಳಿ, ಅಂಟನ್ನು ಕ್ಷಣಮಾತ್ರ ಜಗ್ಗುತ್ತದೆ. ದುರ್ಬಲವಾದದ್ದು ಅಲ್ಲೇ ಬಿಡುತ್ತದೆ, ಬಿಟ್ಟದ್ದು ಅಲ್ಟ್ರಾಸಾನಿಕ್‌ಗೆ ಸಿಗುತ್ತದೆ, ಗಟ್ಟಿಯಾದದ್ದು ಹಾಗೆಯೇ ಉಳಿಯುತ್ತದೆ. ಆದರೂ ಅದು ಹೇಳುವುದು ಇಂದಿನ ಬಲವನ್ನು. ತೇವ ಮತ್ತು ಬಿಸಿಲಿನಲ್ಲಿ ವರ್ಷಗಳ ನಂತರ ಅಂಟು ಹೇಗಿರುತ್ತದೆ ಎಂಬುದನ್ನಲ್ಲ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮೇಲ್ಛಾವಣಿ ಹಾರಿಹೋದದ್ದಕ್ಕೆ ಅಂಟು ಬಿಟ್ಟದ್ದೂ ಕಾರಣವಾಗಿತ್ತು. ಅದು ಲೋಹದ ಜೋಡಣೆಯಾಗಿದ್ದರೂ, ಅಂಟು ಕೈಕೊಟ್ಟ ಮೇಲೆ ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದು ಬಿರುಕುಗಳು ಬೆಳೆದಿದ್ದವು.

ಆದ್ದರಿಂದ ಹೆಚ್ಚಿನ ಕಾವಲು ಅಂಟಿಸುವ ಮುನ್ನವೇ ನಡೆಯಬೇಕು. ಉಜ್ಜಿ ಶುಚಿಗೊಳಿಸಿದ ಮೇಲ್ಮೈಗೆ ನೀರು ಹಾಕಿದಾಗ ಅದು ಎಲ್ಲೂ ಕಡಿಯದೆ ತೆಳುವಾಗಿ ಹರಡಬೇಕು. ಹನಿಹನಿಯಾಗಿ ಕೂಡಿದರೆ ಜಿಡ್ಡು ಇದೆ ಎಂದರ್ಥ. ಪರೀಕ್ಷೆ ಮುಗಿದ ಮೇಲೆ ಒಣಗಿಸುವುದನ್ನು ಮರೆಯಬಾರದು. ಅದೇ ಅಂಟು, ಅದೇ ಶಾಖದಲ್ಲಿ ತಯಾರಿಸಿದ ತುಂಡನ್ನು ಮುರಿದೂ ನೋಡುತ್ತಾರೆ: ಮುರಿದ ಎರಡೂ ಮುಖಗಳಲ್ಲಿ ಅಂಟು ಉಳಿದಿದ್ದರೆ ಹಿಡಿತ ಸರಿಯಿದೆ, ಒಂದು ಮುಖ ನುಣುಪಾಗಿ ಬರಿದಾಗಿದ್ದರೆ ಮೇಲ್ಮೈಯ ತಯಾರಿಯನ್ನೇ ಅನುಮಾನಿಸಬೇಕು.

ಪ್ರಶ್ನೆ: ಹ್ಯಾಂಗರಿನಲ್ಲಿ ವಿಮಾನದ ಭಾಗಗಳನ್ನು ನಾಣ್ಯದಿಂದ ಬಡಿದು ಪರೀಕ್ಷಿಸುವುದನ್ನು ಕಂಡಿದ್ದೇನೆ. ಇಷ್ಟೆಲ್ಲ ಯಂತ್ರಗಳಿರುವಾಗ ಅದನ್ನು ನಂಬಬಹುದೇ?
— ಓದುಗರು, ವಾಸ್ಕೋ, ಗೋವಾ

ಉತ್ತರ: ಮಿತಿಯೊಳಗೆ ನಂಬಬಹುದು. ಸಂತೆಯಲ್ಲಿ ಮಡಕೆಯನ್ನು ಬಡಿದು ಕೊಳ್ಳುವ ಹಾಗೆಯೇ ಇದೂ: ಸರಿಯಿರುವಲ್ಲಿ ಖಣಿಲೆನ್ನುತ್ತದೆ, ಅಂಟು ಬಿಟ್ಟಲ್ಲಿ ಸದ್ದು ಮಂದವಾಗುತ್ತದೆ. ಜೇನುಗೂಡಿನಂಥ ತಿರುಳಿನ ಮೇಲೆ ತೆಳು ಹೊದಿಕೆಯಿರುವ ಫಲಕಗಳಿಗೆ ಇದು ತಕ್ಕದ್ದು. ಹೊದಿಕೆ ದಪ್ಪಗಾದಂತೆ ಆಳದ ದೋಷ ಕಿವಿಗೆ ಸಿಗುವುದಿಲ್ಲ, ಪಕ್ಕದಲ್ಲಿ ಎಂಜಿನ್ ಓಡುತ್ತಿದ್ದರಂತೂ ಏನೂ ಕೇಳಿಸದು. ಸದ್ದು ಬದಲಾದ ಜಾಗವನ್ನು ಗುರುತು ಮಾಡಿ, ಅಲ್ಲಿಗೆ ಅಲ್ಟ್ರಾಸಾನಿಕ್ ತರಿಸಬೇಕು; ಒಳಗಿನ ರಚನೆ ಬದಲಾಗುವ ಕಡೆಯೂ ಸದ್ದು ಬದಲಾಗುವುದರಿಂದ, ಬಡಿಯುವ ಮುನ್ನ ಆ ಭಾಗದ ನಕ್ಷೆಯನ್ನು ನೋಡಿಕೊಳ್ಳುವುದು ಒಳ್ಳೆಯದು.